ಒಂದು ಸರ್ವರಿಗೆ ಎರಡು ಹೆಬ್ಬಾಗಿಲು

'ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ.' ಇಂಗ್ಲಿಷಿನ ಗಂಧವಿಲ್ಲದ ಹಿರಿಯರ ಬಾಯಲ್ಲೂ ಇಂದು ಈ ಮಾತು ಬಳಕೆಯಾಗಿದೆ. ಪಡಿತರ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಇ-ಸೇವೈ ಕೇಂದ್ರದಲ್ಲಿ ಇದನ್ನು ಕೇಳದವರು ವಿರಳ. ಜಾತಿ ಪ್ರಮಾಣಪತ್ರ, ವರಮಾನ ಪತ್ರ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ ಇವೆಲ್ಲಕ್ಕೂ ಈಗ ಅಂತರಜಾಲವೇ ಆಧಾರ. ಗುಮಟಾಪುರದಂತಹ ಬೆಟ್ಟದ ಮೇಲಿನ ಊರಿನಲ್ಲಿ ಕೂಲಿ ಬಿಟ್ಟು ಬಂದು ಸರದಿಯಲ್ಲಿ ನಿಂತವರಿಗೆ 'ನಾಳೆ ಬನ್ನಿ' ಎಂದರೆ ಒಂದು ದಿನದ ಸಂಪಾದನೆ ಹೋದಂತೆ. ಅಂದೇ ಅರ್ಜಿಯ ಕಡೆಯ ದಿನವಾಗಿದ್ದರೆ ಮಗುವಿನ ಒಂದು ವರ್ಷದ ವೇತನವೇ ಕೈತಪ್ಪಿದಂತೆ.

ಆದರೆ ನಿಜವಾಗಿಯೂ ಕೆಟ್ಟಿರುವುದು ಸರ್ವರೇ? ಎಷ್ಟೋ ಸಲ ಅಲ್ಲ. ದೂರದ ಊರಿನಲ್ಲಿರುವ ಸರ್ವರ್ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೂ ನಮಗೂ ನಡುವಿನ ದಾರಿ ಮಾತ್ರ ಕಡಿದಿರುತ್ತದೆ. ದಾರಿ ಒಂದೇ ಇದ್ದರೆ ಅದು ಸರಿಹೋಗುವ ತನಕ ಕೈಕಟ್ಟಿ ಕೂರಬೇಕು. ದಾರಿ ಎರಡಿದ್ದು, ಒಂದು ಕೆಟ್ಟ ಕೂಡಲೇ ಯಂತ್ರವು ತಾನಾಗಿಯೇ ಇನ್ನೊಂದನ್ನು ಹಿಡಿಯುವಂತೆ ಮಾಡಿದರೆ ಕೆಲಸ ನಿಲ್ಲುವುದಿಲ್ಲ. ಈ ಏರ್ಪಾಟಿಗೆ 'ಫೇಲ್‌ಓವರ್' ಎಂದು ಹೆಸರು. ಅದನ್ನು ಹೇಗೆ ಮಾಡುವುದು, ಮಾಡುವಾಗ ಯಾವುದರಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಗೇಟ್‌ವೇ ಎಂದರೇನು?

ಒಂದು ಶಾಲೆಯ ಕಂಪ್ಯೂಟರ್ ಕೋಣೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಹತ್ತು ಕಂಪ್ಯೂಟರುಗಳೂ ಅವುಗಳಿಗೆ ಪಾಠ, ಕಡತಗಳನ್ನು ಒದಗಿಸುವ ಒಂದು ಸರ್ವರೂ ಇವೆ ಎನ್ನೋಣ. ಕೋಣೆಯೊಳಗಿನ ಯಂತ್ರಗಳು ಒಂದನ್ನೊಂದು ನೇರವಾಗಿ ಮಾತನಾಡಿಸಬಲ್ಲವು, ಒಂದೇ ಬೀದಿಯ ಮನೆಯವರು ಒಬ್ಬರನ್ನೊಬ್ಬರು ಕೂಗಿ ಕರೆದಂತೆ. ಹೊರಗಿನ ಯಾವುದೇ ವಿಳಾಸಕ್ಕೆ ಸಂದೇಶ ಹೋಗಬೇಕಾದರೆ ಮಾತ್ರ ಅದನ್ನು ಒಂದು ಹೆಬ್ಬಾಗಿಲಿಗೆ ಒಪ್ಪಿಸಬೇಕು. ಆ ಹೆಬ್ಬಾಗಿಲೇ ಗೇಟ್‌ವೇ. ಸಾಮಾನ್ಯವಾಗಿ ಅದು ಗೋಡೆಯ ಮೇಲೆ ದೀಪ ಮಿನುಗಿಸುತ್ತ ಕುಳಿತಿರುವ ರೂಟರ್ ಪೆಟ್ಟಿಗೆ.

ಪ್ರತಿಯೊಂದು ಯಂತ್ರದ ನೆನಪಿನಲ್ಲಿಯೂ ಒಂದು ದಾರಿಪಟ್ಟಿ ಇರುತ್ತದೆ. 'ಈ ವಿಳಾಸಗಳು ನಮ್ಮ ಬೀದಿಯವು, ನೇರವಾಗಿ ಕೊಡು. ಉಳಿದುದೆಲ್ಲವನ್ನೂ ಹೆಬ್ಬಾಗಿಲಿಗೆ ಕೊಡು' ಎಂಬುದು ಆ ಪಟ್ಟಿಯ ಸಾರಾಂಶ. ಹೆಬ್ಬಾಗಿಲಿನ ಆಚೆ ಏನಾಗುತ್ತದೆ ಎಂಬುದು ಸರ್ವರಿಗೆ ತಿಳಿಯದು. ಮುಂದೆ ಬರುವ ತೊಡಕುಗಳಿಗೆಲ್ಲ ಮೂಲ ಇಲ್ಲಿಯೇ ಇರುವುದರಿಂದ ಈ ಅಂಶವನ್ನು ಚೆನ್ನಾಗಿ ನೆನಪಿಡಬೇಕು.

ಬಲೆಯ ನಡುವೆ, ಬಲೆಯ ಅಂಚಿನಲ್ಲಿ

ಅಂತರಜಾಲವು ಹುಟ್ಟುವಾಗಲೇ ಹಲವು ದಾರಿಗಳ ಕಲ್ಪನೆಯೊಡನೆ ಹುಟ್ಟಿತು. ಅಮೆರಿಕದ ಪಾಲ್ ಬರಾನ್ ಎಂಬ ಎಂಜಿನಿಯರರು 1964ರಲ್ಲಿ ಪ್ರಕಟಿಸಿದ ಬರಹಗಳಲ್ಲಿ, ಸಂಪರ್ಕ ಜಾಲವೊಂದು ಮೀನಿನ ಬಲೆಯಂತೆ ಇರಬೇಕು, ಕೆಲವು ಗಂಟುಗಳು ಹರಿದರೂ ಸಂದೇಶವು ಬೇರೆ ಎಳೆಗಳ ಮೂಲಕ ಗುರಿ ಮುಟ್ಟಬೇಕು ಎಂದು ವಿವರಿಸಿದರು. 1969ರಲ್ಲಿ ಆರಂಭವಾದ ಅರ್ಪಾನೆಟ್ ಎಂಬ ಜಾಲವು ಸಂದೇಶವನ್ನು ತುಂಡುಗಳಾಗಿ ಕಳಿಸುವ ಇಂತಹ ವಿಧಾನವನ್ನೇ ಅನುಸರಿಸಿತು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು.

ಈ ಬಲೆಯ ಶಕ್ತಿ 2008ರಲ್ಲಿ ಚೆನ್ನಾಗಿ ಕಂಡುಬಂತು. ಆ ವರ್ಷದ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದ ತಳದಲ್ಲಿದ್ದ ತಂತಿಗಳು ತುಂಡಾದವು. ಭಾರತದಿಂದ ಪಶ್ಚಿಮಕ್ಕೆ ಹೋಗುವ ಸಂದೇಶಗಳ ಬಹುಭಾಗ ಅದೇ ಹಾದಿಯನ್ನು ನೆಚ್ಚಿತ್ತು. ಆದರೂ ದೇಶ ಪೂರ್ತಿಯಾಗಿ ಹೊರಜಗತ್ತಿನಿಂದ ಬೇರ್ಪಡಲಿಲ್ಲ. ಸಂದೇಶಗಳನ್ನು ಪೂರ್ವ ದಿಕ್ಕಿಗೆ ತಿರುಗಿಸಿ ಪೆಸಿಫಿಕ್ ಸಾಗರದ ಮೂಲಕ ಕಳಿಸಲಾಯಿತು. ವೇಗ ಕುಗ್ಗಿತು, ಕೆಲಸ ನಡೆಯಿತು.

ಆದರೆ ಬಲೆಯ ನಡುವೆ ಎಷ್ಟು ದಾರಿಗಳಿದ್ದರೇನು? ಅದರ ಅಂಚಿನಲ್ಲಿರುವ ಹಳ್ಳಿಗೆ ಬರುವ ಎಳೆ ಬಹುಮಟ್ಟಿಗೆ ಒಂದೇ. ಮರದ ಬುಡ ಎಷ್ಟೇ ಗಟ್ಟಿಯಾಗಿದ್ದರೂ ಕೊಂಬೆ ಮುರಿದರೆ ಅದರ ತುದಿಯ ಎಲೆ ಒಣಗುತ್ತದೆ. ಎರಡನೆಯ ದಾರಿಯ ಅಗತ್ಯ ಪಟ್ಟಣಕ್ಕಿಂತ ಹೆಚ್ಚಾಗಿ ಹಳ್ಳಿಗೆ ಇರುವುದು ಇದರಿಂದಲೇ.

ಎರಡು ದಾರಿ, ಎರಡು ಅಂಕ

ನಮ್ಮ ತಾಳವಾಡಿ ಸೀಮೆಯವರಿಗೆ ಈ ವಿಚಾರ ಹೊಸದೇನಲ್ಲ. ಬೆಟ್ಟದಿಂದ ಹೊರಹೋಗಲು ನಮಗೆ ಎರಡು ದಾರಿಗಳಿವೆ. ಒಂದು ಹಾಸನೂರು, ದಿಂಬಂ ಮೂಲಕ 27 ತಿರುವುಗಳ ಘಾಟಿಯನ್ನಿಳಿದು ಬಣ್ಣಾರಿ, ಸತ್ಯಮಂಗಲಕ್ಕೆ, ಇನ್ನೊಂದು ಚಾಮರಾಜನಗರಕ್ಕೆ. ಘಾಟಿಯಲ್ಲಿ ಲಾರಿ ಸಿಕ್ಕಿಕೊಂಡರೆ, ಮಳೆಗೆ ಮರ ಬಿದ್ದರೆ ಮೊದಲನೆಯದು ಮುಚ್ಚುತ್ತದೆ. 2022ರ ಫೆಬ್ರವರಿಯಲ್ಲಿ, ಕಾಡುಪ್ರಾಣಿಗಳ ರಕ್ಷಣೆಗಾಗಿ ಹೈಕೋರ್ಟಿನ ಆದೇಶದಂತೆ ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂತು. ಹಾಗಾದಾಗ ನಾವು ಮನೆಯಲ್ಲೇ ಕೂರದೆ ಇನ್ನೊಂದು ದಾರಿಯನ್ನು ಯೋಚಿಸುತ್ತೇವೆ. ಸರ್ವರಿಗೂ ಇದೇ ವಿವೇಕವನ್ನು ಕಲಿಸಬೇಕಾಗಿದೆ.

ಶಾಲೆಯ ಸರ್ವರಿಗೆ ಎರಡು ತಂತಿಗಳನ್ನು ಜೋಡಿಸೋಣ. ಮೊದಲನೆಯ ತಂತಿ ಫೈಬರ್ ಸಂಪರ್ಕದ ರೂಟರಿಗೆ. ಅದರ ವಿಳಾಸ 192.168.1.1 ಇರಲಿ. ಎರಡನೆಯದು ಸಿಮ್ ಹಾಕಿದ ಮೊಬೈಲ್ ರೂಟರಿಗೆ. ಅದರ ವಿಳಾಸ 192.168.2.1 ಇರಲಿ. ಈಗ ದಾರಿಪಟ್ಟಿಯಲ್ಲಿ ಎರಡು ಹೆಬ್ಬಾಗಿಲುಗಳಾದವು. ಯಾವುದನ್ನು ಬಳಸಬೇಕು? ಇದನ್ನು ತೀರ್ಮಾನಿಸಲು ಪ್ರತಿ ದಾರಿಗೂ 'ಮೆಟ್ರಿಕ್' ಎಂಬ ಅಂಕವನ್ನು ಕೊಡುತ್ತಾರೆ. ಅಂಕ ಕಡಿಮೆಯಿದ್ದಷ್ಟೂ ದಾರಿ ಶ್ರೇಷ್ಠ. ಫೈಬರಿಗೆ 100, ಮೊಬೈಲಿಗೆ 200 ಕೊಟ್ಟರೆ ಎಲ್ಲ ಸಂದೇಶಗಳೂ ಫೈಬರಿನ ಮೂಲಕವೇ ಹೋಗುತ್ತವೆ. ಮೊಬೈಲು ಸುಮ್ಮನೆ ಕಾದಿರುತ್ತದೆ.

ಇಷ್ಟೇ ಸಾಕಲ್ಲವೇ ಎಂದು ಕೇಳಬಹುದು. ಸರ್ವರಿಗೂ ರೂಟರಿಗೂ ನಡುವಿನ ತಂತಿ ಕಿತ್ತುಹೋದರೆ ಅಥವಾ ರೂಟರ್ ಆರಿಹೋದರೆ ಇಷ್ಟು ಸಾಕಾಗುವುದುಂಟು; ತಂತಿಯಲ್ಲಿ ಜೀವವಿಲ್ಲವೆಂದು ಸರ್ವರಿಗೆ ತಿಳಿಯುತ್ತದೆ, ಜಾಲವನ್ನು ನೋಡಿಕೊಳ್ಳುವ ತಂತ್ರಾಂಶವು ಆ ದಾರಿಯನ್ನು ಪಟ್ಟಿಯಿಂದ ತೆಗೆಯುತ್ತದೆ. ಆದರೆ ನಮ್ಮಲ್ಲಿ ಹೆಚ್ಚಾಗಿ ಆಗುವ ತೊಂದರೆ ಬೇರೆ. ರೂಟರ್ ಉರಿಯುತ್ತಿರುತ್ತದೆ, ತಂತಿ ಗಟ್ಟಿಯಾಗಿರುತ್ತದೆ, ಆದರೆ ಹತ್ತು ಮೈಲಿಯಾಚೆ ಫೈಬರ್ ತುಂಡಾಗಿರುತ್ತದೆ. ಊರ ಬಾಗಿಲಲ್ಲಿ ನಿಂತು ನೋಡಿದರೆ ರಸ್ತೆ ಚೊಕ್ಕಟವಾಗಿಯೇ ಕಾಣುತ್ತದೆ. ಲಾರಿ ಸಿಕ್ಕಿಕೊಂಡಿರುವುದು ದಿಂಬಂ ತಿರುವಿನಲ್ಲಿ. ಸರ್ವರ್ ಪಾಪ, ಸಂದೇಶಗಳನ್ನು ಒಂದಾದ ಮೇಲೊಂದರಂತೆ ಅದೇ ದಾರಿಗೆ ಕಳಿಸುತ್ತಲೇ ಇರುತ್ತದೆ.

ದಾರಿಯ ಕ್ಷೇಮವನ್ನು ವಿಚಾರಿಸುವ ಬಗೆ

ಆದುದರಿಂದ ಅಡ್ಡಿಯ ಆಚೆಗಿರುವವರನ್ನು ವಿಚಾರಿಸಬೇಕು. ಕಂಪ್ಯೂಟರಿನಲ್ಲಿ ಇದಕ್ಕೆ 'ಪಿಂಗ್' ಎಂಬ ಸರಳ ಸಾಧನವಿದೆ. ದೂರದ ಒಂದು ಯಂತ್ರಕ್ಕೆ 'ಇದ್ದೀಯಾ?' ಎಂದು ಪುಟ್ಟ ಸಂದೇಶ ಕಳಿಸಿದರೆ ಅದು 'ಇದ್ದೇನೆ' ಎಂದು ಮರುಳಿಸುತ್ತದೆ. ಉತ್ತರ ಬಂದರೆ ದಾರಿ ತೆರೆದಿದೆ; ಬಾರದಿದ್ದರೆ ಸಂಶಯಪಡಬೇಕು. ಕೇಳಬೇಕಾದುದು ಪಕ್ಕದ ರೂಟರನ್ನಲ್ಲ, ದೂರದ ವಿಳಾಸವನ್ನು. ಪ್ರಪಂಚದ ಎಲ್ಲೆಡೆ ಉತ್ತರಿಸುವ 8.8.8.8 (ಗೂಗಲ್ ಸಂಸ್ಥೆಯದು), 1.1.1.1 (ಕ್ಲೌಡ್‌ಫ್ಲೇರ್ ಸಂಸ್ಥೆಯದು) ಮುಂತಾದ ವಿಳಾಸಗಳನ್ನು ಇದಕ್ಕೆ ಬಳಸುವ ರೂಢಿಯಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಹೊಸಬರು ಎಡವುವುದು ಇಲ್ಲಿಯೇ. ಫೈಬರ್ ಕೆಟ್ಟಿತು, ಸರ್ವರು ಮೊಬೈಲ್ ದಾರಿಗೆ ಹೊರಳಿತು ಎನ್ನೋಣ. ಮರುಕ್ಷಣ ಪರೀಕ್ಷೆಯ ಪಿಂಗ್ ಹೊರಡುತ್ತದೆ. ಅದೂ ಈಗ ಮೊಬೈಲ್ ದಾರಿಯಲ್ಲೇ ಹೋಗಿ ಉತ್ತರ ತರುತ್ತದೆ. 'ಉತ್ತರ ಬಂತು, ಫೈಬರ್ ಸರಿಹೋಗಿದೆ' ಎಂದು ತಪ್ಪಾಗಿ ತಿಳಿದು ಸರ್ವರ್ ಮತ್ತೆ ಫೈಬರಿಗೆ ಮರಳುತ್ತದೆ. ಅಲ್ಲಿ ಉತ್ತರವಿಲ್ಲ, ಪುನಃ ಮೊಬೈಲಿಗೆ. ಹೀಗೆ ತೊಟ್ಟಿಲಿನಂತೆ ತೂಗಾಡುತ್ತ ಯಾವ ಕೆಲಸವೂ ಆಗುವುದಿಲ್ಲ. ಚಾಮರಾಜನಗರದ ಕಡೆಯಿಂದ ಸುತ್ತಿ ಬಂದವನನ್ನು ನೋಡಿ 'ಘಾಟಿ ತೆರೆದಿದೆ' ಎಂದುಕೊಂಡಂತೆಯೇ ಇದು. ಘಾಟಿ ತೆರೆದಿದೆಯೇ ಎಂದು ತಿಳಿಯಬೇಕಾದರೆ ಘಾಟಿಯಲ್ಲೇ ಹೋದವನು ಘಾಟಿಯಲ್ಲೇ ಮರಳಿ ಬರಬೇಕು.

ಪರಿಹಾರ ಸುಲಭ. ಪರೀಕ್ಷೆಯ ವಿಳಾಸಗಳನ್ನು ಆಯಾ ದಾರಿಗೆ ಕಟ್ಟಿಹಾಕಬೇಕು. 8.8.8.8 ಮತ್ತು 1.1.1.1 ಇವೆರಡಕ್ಕೂ ಹೋಗುವ ಸಂದೇಶಗಳು ಎಂದೆಂದೂ ಫೈಬರಿನಲ್ಲೇ ಹೋಗತಕ್ಕದ್ದು. ಅವೇ ಸಂಸ್ಥೆಗಳ ಎರಡನೆಯ ವಿಳಾಸಗಳಾದ 8.8.4.4 ಮತ್ತು 1.0.0.1 ಇವು ಎಂದೆಂದೂ ಮೊಬೈಲಿನಲ್ಲೇ ಹೋಗತಕ್ಕದ್ದು ಎಂದು ದಾರಿಪಟ್ಟಿಯಲ್ಲಿ ಬರೆದಿಡಬೇಕು. ಒಂದೊಂದು ದಾರಿಗೆ ಎರಡೆರಡು ವಿಳಾಸಗಳೇಕೆ? ಒಂದು ಸಂಸ್ಥೆಯ ಯಂತ್ರವೇ ಉತ್ತರಿಸದಿದ್ದರೆ ನಮ್ಮ ದಾರಿಯ ಮೇಲೆ ಸುಳ್ಳು ಅಪವಾದ ಬಾರದಿರಲಿ ಎಂದು. ಎರಡೂ ಮೌನವಾಗಿದ್ದರೆ ಮಾತ್ರ ದಾರಿ ಕೆಟ್ಟಿದೆಯೆಂದು ಎಣಿಸಬೇಕು.

ಹೀಗೆ ಕಟ್ಟಿಹಾಕಿದ ವಿಳಾಸಗಳನ್ನು ಹೆಸರು ಹುಡುಕುವ ಡಿಎನ್‌ಎಸ್ ಕೆಲಸಕ್ಕೆ ಬಳಸಬಾರದು. ಬಳಸಿದರೆ, ಫೈಬರ್ ಕೆಟ್ಟಾಗ ದಾರಿ ಬದಲಾಗಿದ್ದರೂ ಹೆಸರುಗಳು ದೊರೆಯದೆ ಎಲ್ಲವೂ ನಿಂತಂತೆ ಕಾಣುತ್ತದೆ. ಸಂಪರ್ಕ ಕೊಟ್ಟ ಕಂಪನಿಯ ಡಿಎನ್‌ಎಸ್ ಕೂಡ ಬೇರೆ ಕಂಪನಿಯ ದಾರಿಯಿಂದ ಬಂದವರಿಗೆ ಉತ್ತರಿಸದಿರುವುದುಂಟು. ಆದ್ದರಿಂದ 9.9.9.9ರಂತಹ, ಎರಡೂ ಕಡೆಯಿಂದ ತಲುಪಬಹುದಾದ ಬೇರೊಂದು ವಿಳಾಸವನ್ನು ಆ ಕೆಲಸಕ್ಕೆ ಗೊತ್ತುಮಾಡುವುದು ಒಳ್ಳೆಯದು.

ಅವಸರವೂ ಬೇಡ, ಆಲಸ್ಯವೂ ಬೇಡ

ಇನ್ನು ಉಳಿದದ್ದು ತೀರ್ಮಾನ ಮಾಡುವ ಪುಟ್ಟ ಕಾರ್ಯಕ್ರಮ. ಹತ್ತಾರು ಸಾಲುಗಳಲ್ಲಿ ಬರೆಯಬಹುದಾದ ಅದರ ನಿಯಮಗಳು ಇಷ್ಟು:

1. ಹತ್ತು ಸೆಕೆಂಡಿಗೊಮ್ಮೆ ಎರಡೂ ದಾರಿಗಳ ಕ್ಷೇಮವನ್ನು ವಿಚಾರಿಸು.

2. ಫೈಬರಿನ ಪರೀಕ್ಷೆ ಸತತ ಮೂರು ಸಲ ಸೋತು, ಮೊಬೈಲಿನ ಪರೀಕ್ಷೆ ಗೆದ್ದಿದ್ದರೆ, ಫೈಬರಿನ ಅಂಕವನ್ನು 100ರಿಂದ 300ಕ್ಕೆ ಏರಿಸು. ಆಗ 200 ಅಂಕದ ಮೊಬೈಲು ತಾನಾಗಿಯೇ ಶ್ರೇಷ್ಠವಾಗುತ್ತದೆ.

3. ಫೈಬರಿನ ಪರೀಕ್ಷೆ ಸತತ ಮೂವತ್ತು ಸಲ, ಅಂದರೆ ಐದು ನಿಮಿಷ, ಗೆದ್ದರೆ ಮಾತ್ರ ಅದರ ಅಂಕವನ್ನು ಮತ್ತೆ 100ಕ್ಕೆ ಇಳಿಸು.

4. ಎರಡೂ ಸೋತರೆ ಏನನ್ನೂ ಬದಲಿಸಬೇಡ.

5. ದಾರಿ ಬದಲಾದಾಗಲೆಲ್ಲ ದಿನ, ಗಂಟೆ, ಕಾರಣವನ್ನು ದಿನಚರಿಯಲ್ಲಿ ಬರೆ. ಜವಾಬ್ದಾರಿ ಹೊತ್ತವರಿಗೆ ತಿಳಿಸು.

ಒಂದೇ ಸಲ ಉತ್ತರ ಬಾರದಿದ್ದ ಮಾತ್ರಕ್ಕೆ ದಾರಿ ಬದಲಿಸಿದರೆ ದಿನವಿಡೀ ಬದಲಿಸುತ್ತಲೇ ಇರಬೇಕಾಗುತ್ತದೆ; ಆರೋಗ್ಯವಂತ ಸಂಪರ್ಕದಲ್ಲೂ ಒಂದೆರಡು ಸಂದೇಶಗಳು ಕಳೆಯುವುದು ಸಹಜ. ಹೋಗುವಾಗ ಮೂವತ್ತು ಸೆಕೆಂಡು, ಮರಳುವಾಗ ಐದು ನಿಮಿಷ ಎಂಬ ವ್ಯತ್ಯಾಸಕ್ಕೂ ಕಾರಣವಿದೆ. ಮುರಿದ ಫೈಬರನ್ನು ಜೋಡಿಸುವಾಗ ಅದು ಒಂದು ಗಳಿಗೆ ಬಂದು ಮತ್ತೆ ಹೋಗಬಹುದು. ಜ್ವರ ಬಿಟ್ಟ ಕೂಡಲೇ ರೋಗಿಯನ್ನು ಗದ್ದೆಗೆ ಕಳಿಸುವುದಿಲ್ಲವಷ್ಟೆ.

ದಾರಿ ಮುಚ್ಚದೆ ಕಿಕ್ಕಿರಿದಿರುವ ಸಂದರ್ಭವೂ ಉಂಟು. ದೀಪಾವಳಿಯ ಬೆನ್ನಿಗೇ ಬರುವ ನಮ್ಮೂರ ಗೊರೆಹಬ್ಬವನ್ನು ನೆನೆಯಿರಿ. ಬೀರೇಶ್ವರನ ಗುಡಿಯ ಬಳಿ ಸಗಣಿಯಾಟ ನೋಡಲು ಎರಡು ರಾಜ್ಯಗಳಿಂದ ಜನ ಬಂದು ಸೇರುತ್ತಾರೆ. ಎಲ್ಲರೂ ಒಟ್ಟಿಗೆ ಚಿತ್ರ ತೆಗೆದು ಕಳಿಸತೊಡಗಿದರೆ ಟವರಿನ ಮೇಲೆ ಭಾರ ಬೀಳದೆ ಇರುತ್ತದೆಯೇ? ಆಗ ಪಿಂಗ್‌ಗೆ ಉತ್ತರ ಬರುತ್ತದೆ, ಆದರೆ ಅರ್ಜಿಯ ಪುಟ ತೆರೆಯುವುದಿಲ್ಲ. ಆದ್ದರಿಂದ ಉತ್ತರ ಬಂತೇ ಎಂಬುದರ ಜೊತೆಗೆ ಎಷ್ಟು ಹೊತ್ತಿಗೆ ಬಂತು, ನೂರಕ್ಕೆ ಎಷ್ಟು ಕಳೆದುಹೋದವು ಎಂಬುದನ್ನೂ ಲೆಕ್ಕವಿಡುವ ವ್ಯವಸ್ಥೆಗಳು ಹೆಚ್ಚು ಉತ್ತಮ.

ನಾಲ್ಕನೆಯ ನಿಯಮವನ್ನು ಅಲ್ಪವೆಂದು ಎಣಿಸಬಾರದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಹಾಗೂ ವಾಟ್ಸಾಪ್ ಸುಮಾರು ಆರು ಗಂಟೆಗಳ ಕಾಲ ಪ್ರಪಂಚದಾದ್ಯಂತ ನಿಂತವು. ದುರಸ್ತಿ ಕಾಲದ ಒಂದು ಆಜ್ಞೆಯಿಂದ ಆ ಸಂಸ್ಥೆಯ ಒಳಗಿನ ಮುಖ್ಯ ಜಾಲ ಕಡಿಯಿತು. ಒಳಜಾಲದೊಡನೆ ಮಾತು ನಿಂತರೆ ತಮ್ಮನ್ನು ತಾವೇ ರೋಗಿಗಳೆಂದು ಸಾರಿ ಹಿಂದೆ ಸರಿಯುವಂತೆ ಅದರ ಡಿಎನ್‌ಎಸ್ ಯಂತ್ರಗಳಿಗೆ ಕಲಿಸಿದ್ದರು. ಎಲ್ಲವೂ ಒಮ್ಮೆಲೇ ಹಿಂದೆ ಸರಿದವು. ಹೊರಗಿನವರಿಗೆ ಆ ಸಂಸ್ಥೆಯ ವಿಳಾಸವೇ ಸಿಗದಾಯಿತು. ಎಲ್ಲವೂ ಕೆಟ್ಟಂತೆ ತೋರಿದಾಗ ಏನು ಮಾಡಬೇಕೆಂಬುದನ್ನೂ ಯಂತ್ರಕ್ಕೆ ಮೊದಲೇ ಹೇಳಿಕೊಡಬೇಕೆಂದು ಇದರಿಂದ ವಿದಿತವಾಗುತ್ತದೆ.

ದಾರಿ ಬದಲಾದಾಗ

ಬದಲಾವಣೆಯ ಕ್ಷಣದಲ್ಲಿ ಏನೂ ತೊಂದರೆಯಾಗುವುದಿಲ್ಲವೆಂದು ಭಾವಿಸಬಾರದು. ಫೈಬರಿನಿಂದ ಹೋಗುವಾಗ ಹೊರಜಗತ್ತಿಗೆ ನಮ್ಮ ವಿಳಾಸ ಒಂದು. ಮೊಬೈಲಿನಿಂದ ಹೋಗುವಾಗ ಬೇರೊಂದು. ನಡುವೆ ನಡೆಯುತ್ತಿದ್ದ ಮಾತುಕತೆಗಳು ಆದುದರಿಂದ ಮುರಿದುಬೀಳುತ್ತವೆ. ಅರ್ಧ ತುಂಬಿದ ಅರ್ಜಿಯಾದರೆ ಪುಟವನ್ನು ಮತ್ತೆ ತೆರೆದು, ಕೆಲವೊಮ್ಮೆ ಮತ್ತೆ ಪ್ರವೇಶಿಸಿ ಮುಂದುವರಿಸಬೇಕು. ಒಂದೆರಡು ನಿಮಿಷದ ಶ್ರಮ, ಅಷ್ಟೆ. ನಾಳೆ ಬರುವುದಕ್ಕಿಂತ ಇದು ಮೇಲು.

ಹೊರಗಿನವರೇ ನಮ್ಮ ಸರ್ವರಿಗೆ ಬರಬೇಕಾದರೆ ಸಮಸ್ಯೆ ಇನ್ನೂ ಕಠಿಣ. ಮೊದಲನೆಯದಾಗಿ, ಯಾವ ಬಾಗಿಲಿನಿಂದ ಪ್ರಶ್ನೆ ಬಂತೋ ಅದೇ ಬಾಗಿಲಿನಿಂದ ಉತ್ತರ ಹೋಗಬೇಕು. ಇದಕ್ಕಾಗಿ ಪ್ರತಿ ಬಾಗಿಲಿಗೂ ಪ್ರತ್ಯೇಕ ದಾರಿಪಟ್ಟಿ ಇಡುತ್ತಾರೆ. ಎರಡನೆಯದಾಗಿ, ಬದಲಾದ ವಿಳಾಸವನ್ನು ಜಗತ್ತಿಗೆ ಸಾರಬೇಕು. ಡಿಎನ್‌ಎಸ್‌ನಲ್ಲಿ ತಿದ್ದಿದರೂ ಹಳೆಯ ವಿಳಾಸವನ್ನು ನೆನಪಿಟ್ಟವರು ಕೆಲವು ಕಾಲ ಹಳೆಯ ಬಾಗಿಲನ್ನೇ ತಟ್ಟುತ್ತಾರೆ. ಬ್ಯಾಂಕುಗಳು, ದೊಡ್ಡ ಸಂಸ್ಥೆಗಳು ಸ್ವಂತ ವಿಳಾಸಗಳನ್ನೇ ಪಡೆದು, ಅವುಗಳಿಗೆ ಬರುವ ದಾರಿಗಳನ್ನು ಬಿಜಿಪಿ ಎಂಬ ಪದ್ಧತಿಯಲ್ಲಿ ನೆರೆಯ ಜಾಲಗಳಿಗೆ ಸಾರುತ್ತವೆ. ಶಾಲೆಗೆ ಅಷ್ಟು ಆಡಂಬರ ಬೇಕಿಲ್ಲ.

ಹಲವು ಯಂತ್ರಗಳಿರುವ ಕಚೇರಿಗಳಲ್ಲಿ ಇನ್ನೊಂದು ಉಪಾಯವುಂಟು. ಎರಡು ರೂಟರುಗಳು ಸೇರಿ ಒಂದೇ ವಿಳಾಸವನ್ನು ಹಂಚಿಕೊಳ್ಳುತ್ತವೆ. ಯಜಮಾನ ರೂಟರ್ ಸೆಕೆಂಡಿಗೊಮ್ಮೆ 'ನಾನಿದ್ದೇನೆ' ಎಂದು ಸಾರುತ್ತದೆ. ಸುಮಾರು ಮೂರು ಸೆಕೆಂಡು ಆ ದನಿ ಕೇಳದಿದ್ದರೆ ಎರಡನೆಯದು ಅದೇ ವಿಳಾಸವನ್ನು ವಹಿಸಿಕೊಳ್ಳುತ್ತದೆ. 1998ರಲ್ಲಿ ಪ್ರಕಟವಾದ ಈ ಪದ್ಧತಿಗೆ ವಿಆರ್‌ಆರ್‌ಪಿ ಎಂದು ಹೆಸರು. ಇದರಲ್ಲಿ ಸರ್ವರಿಗೆ ಏನನ್ನೂ ಕಲಿಸಬೇಕಿಲ್ಲ. ಆದರೆ ರೂಟರಿನಾಚೆಯ ಕ್ಷೇಮವನ್ನು ವಿಚಾರಿಸುವ ಕೆಲಸ ಇಲ್ಲಿಯೂ ತಪ್ಪಿದ್ದಲ್ಲ.

ಎರಡೂ ಒಟ್ಟಿಗೆ ಕೆಟ್ಟರೆ?

ಎರಡು ದಾರಿಗಳಿವೆ ಎಂದ ಮಾತ್ರಕ್ಕೆ ಅವು ನಿಜವಾಗಿಯೂ ಎರಡೆಂದು ಹೇಳಲಾಗದು. 2021ರ ಫೆಬ್ರವರಿ 24ರಂದು ಮುಂಬಯಿಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ವಹಿವಾಟು ಬೆಳಿಗ್ಗೆ 11-40ಕ್ಕೆ ನಿಂತು, ಮಧ್ಯಾಹ್ನ 3-45ಕ್ಕೆ ಮತ್ತೆ ಆರಂಭವಾಯಿತು. ಆ ಕೇಂದ್ರವು ಇಬ್ಬರು ಬೇರೆ ಬೇರೆ ಕಂಪನಿಯವರಿಂದ ಸಂಪರ್ಕ ಪಡೆದಿತ್ತು. ಆದರೂ ರಸ್ತೆಬದಿಯ ಅಗೆತದಿಂದ ಇಬ್ಬರ ಸಂಪರ್ಕಗಳೂ ಏರುಪೇರಾದವು. ಜೊತೆಗೆ ಕೇಂದ್ರದ ಶೇಖರಣಾ ವ್ಯವಸ್ಥೆಯೂ ನಿರೀಕ್ಷಿಸಿದಂತೆ ನಡೆಯಲಿಲ್ಲ. ದೇಶದ ಅತಿ ಶ್ರೀಮಂತ ಸಂಸ್ಥೆಗಳಲ್ಲೊಂದಕ್ಕೇ ಹೀಗಾಯಿತೆಂದರೆ ನಾವು ಎಷ್ಟು ಜಾಗರೂಕರಾಗಿರಬೇಕು!

ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು. ಎರಡು ತಂತಿಗಳೂ ಒಂದೇ ಕಂಬದ ಮೇಲೆ ಬರುತ್ತವೆಯೇ? ಮೊಬೈಲ್ ಟವರಿಗೆ ಬರುವ ಫೈಬರೂ ನಮ್ಮ ಶಾಲೆಗೆ ಬರುವ ಫೈಬರೂ ಒಂದೇ ಕಾಲುವೆಯಲ್ಲಿ ಹೂತಿವೆಯೇ? ಎರಡು ರೂಟರುಗಳೂ ಒಂದೇ ಪ್ಲಗ್ಗಿಗೆ ಸಿಕ್ಕಿಸಿವೆಯೇ? ಗಾಳಿಮಳೆಗೆ ಕರೆಂಟು ಹೋಗುವುದು ಬೆಟ್ಟದ ಊರುಗಳಲ್ಲಿ ಅಪರೂಪವಲ್ಲ. ಸರ್ವರಿಗೆ ಯುಪಿಎಸ್ ಇದ್ದು ರೂಟರಿಗೆ ಇಲ್ಲದಿದ್ದರೆ ಎರಡು ದಾರಿಗಳೂ ವ್ಯರ್ಥ. ಸರ್ವರಿಗಿಂತ ಎಷ್ಟೋ ಕಡಿಮೆ ವಿದ್ಯುತ್ತು ಸಾಕಾಗುವ ಈ ಪುಟ್ಟ ಪೆಟ್ಟಿಗೆಗಳಿಗೆ ಒಂದು ಚಿಕ್ಕ ಬ್ಯಾಟರಿ ಒದಗಿಸುವುದು ಅಗ್ಗವೂ ಹೌದು, ಅತ್ಯಗತ್ಯವೂ ಹೌದು.

ಪರೀಕ್ಷೆ ಮತ್ತು ಎಚ್ಚರ

'ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ' ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ತೋಡಿಟ್ಟ ಬಾವಿಯಲ್ಲಿ ನೀರಿದೆಯೇ ಎಂದು ಆಗಾಗ ಇಣುಕಿ ನೋಡುವುದೂ ಅಷ್ಟೇ ಮುಖ್ಯ. ತಿಂಗಳಿಗೊಮ್ಮೆ, ಕೆಲಸವಿಲ್ಲದ ವೇಳೆಯಲ್ಲಿ, ಎರಡು ಬಗೆಯ ಪರೀಕ್ಷೆ ಮಾಡಬೇಕು. ಒಮ್ಮೆ ಸರ್ವರಿನಿಂದ ರೂಟರಿಗೆ ಹೋಗುವ ತಂತಿಯನ್ನು ಕೀಳಬೇಕು. ಇನ್ನೊಮ್ಮೆ ರೂಟರಿಗೆ ಹೊರಗಿನಿಂದ ಬರುವ ಫೈಬರನ್ನು ತಿಳಿದವರ ಕೈಯಿಂದ ಬಿಡಿಸಬೇಕು. ಎರಡನೆಯದೇ ನಿಜವಾದ ಪರೀಕ್ಷೆ. ಸಿಮ್‌ಗೆ ಹಣ ತುಂಬಿದೆಯೇ, ಅವಧಿ ಮುಗಿದಿದೆಯೇ ಎಂಬುದೂ ಇದರಿಂದ ಗೊತ್ತಾಗುತ್ತದೆ. ಸರ್ವರನ್ನು ಆರಿಸಿ ಹಚ್ಚಿದಾಗ ಆ ಪುಟ್ಟ ಕಾರ್ಯಕ್ರಮವೂ ತಾನಾಗಿ ಎಚ್ಚರಗೊಳ್ಳುತ್ತದೆಯೇ ಎಂದು ನೋಡಬೇಕು.

ಐದನೆಯ ನಿಯಮದ ಮಹತ್ವವನ್ನೂ ಇಲ್ಲಿ ಹೇಳಬೇಕು. ಫೇಲ್‌ಓವರ್ ಚೆನ್ನಾಗಿ ನಡೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅದರ ಗುಣವೂ ಅದೇ, ಅಪಾಯವೂ ಅದೇ. ಫೈಬರ್ ಸತ್ತು ಎರಡು ವಾರವಾಗಿರಬಹುದು. ಮೊಬೈಲಿನಲ್ಲಿ ಕೆಲಸ ನಡೆಯುತ್ತಿರುವುದರಿಂದ ಯಾರೂ ದೂರು ಕೊಟ್ಟಿರುವುದಿಲ್ಲ. ಒಂದು ಸಂಜೆ ಮೊಬೈಲೂ ಕೈಕೊಟ್ಟಾಗ 'ಎರಡೂ ಒಟ್ಟಿಗೆ ಕೆಟ್ಟವು' ಎಂದು ಹಳಿಯುತ್ತೇವೆ. ಅವು ಒಟ್ಟಿಗೆ ಕೆಟ್ಟದ್ದಲ್ಲ. ಮೊದಲನೆಯದು ಕೆಟ್ಟದ್ದು ನಮಗೆ ಕಾಣಲಿಲ್ಲ. ಆದ್ದರಿಂದ ದಾರಿ ಬದಲಾದ ದಿನವೇ ದೂರು ದಾಖಲಾಗಬೇಕು.

ಪೋಷಕರು ಇದಕ್ಕೆ ಬಹಳ ವೆಚ್ಚವೆಂದು ಅಂಜಬೇಕಾಗಿಲ್ಲ. ಮೆಟ್ರಿಕ್, ಪಿಂಗ್, ಕಾರ್ಯಕ್ರಮ ಇವೆಲ್ಲವೂ ಲಿನಕ್ಸಿನಲ್ಲಿ ಹಣವಿಲ್ಲದೆ ದೊರೆಯುತ್ತವೆ. ಖರ್ಚಾಗುವುದು ಎರಡನೆಯ ರೂಟರಿಗೆ, ಸಿಮ್‌ಗೆ, ಬ್ಯಾಟರಿಗೆ. ಎರಡನೆಯ ದಾರಿ ಕಿರಿದಾದುದರಿಂದ ಅದರಲ್ಲಿರುವಾಗ ಚಲನಚಿತ್ರ, ದೊಡ್ಡ ಕಡತಗಳನ್ನು ನಿಲ್ಲಿಸಿ ಅರ್ಜಿ, ಪಾಠಗಳಿಗೆ ಮಾತ್ರ ಅವಕಾಶ ಕೊಡಬೇಕು. ಮನೆಯಲ್ಲಿ ಸರ್ವರ್ ಇಲ್ಲದವರೂ ಈ ತತ್ತ್ವವನ್ನು ಅನುಸರಿಸಬಹುದು. ಮನೆಯ ಎರಡು ಫೋನುಗಳಲ್ಲಿ ಬೇರೆ ಬೇರೆ ಕಂಪನಿಯ ಸಿಮ್‌ಗಳಿದ್ದರೆ ಒಂದು ಮೌನವಾದಾಗ ಇನ್ನೊಂದು ಕೈಹಿಡಿಯುತ್ತದೆ. ಅರ್ಜಿಯನ್ನು ಕಡೆಯ ದಿನದವರೆಗೆ ಕಾಯದೆ ಮೊದಲೇ ಹಾಕುವುದಂತೂ ಎಲ್ಲಕ್ಕಿಂತ ಅಗ್ಗದ ಎರಡನೆಯ ದಾರಿ.

ವಿದ್ಯಾರ್ಥಿಗಳೇ, ಇನ್ನು ಮುಂದೆ 'ಸರ್ವರ್ ಡೌನ್' ಎಂಬ ಮಾತು ಕಿವಿಗೆ ಬಿದ್ದಾಗ ಅದನ್ನು ಹಣೆಬರಹವೆಂದು ಒಪ್ಪಿಕೊಳ್ಳಬೇಡಿ. ಕೆಟ್ಟದ್ದು ಸರ್ವರೋ, ದಾರಿಯೋ, ಕರೆಂಟೋ ಎಂದು ವಿಚಾರಿಸಿ. ದಾರಿಯಾದರೆ, ಎರಡನೆಯ ದಾರಿಯನ್ನು ಏಕೆ ಇಟ್ಟಿಲ್ಲವೆಂದು ವಿನಯದಿಂದ ಕೇಳಿ. ಅದನ್ನು ಇಡಬಲ್ಲ ಜ್ಞಾನ ದೂರದ ಪಟ್ಟಣದವರ ಸ್ವತ್ತಲ್ಲ. ಈ ಬೆಟ್ಟದ ಮಕ್ಕಳೂ ಕಲಿತು, ತಮ್ಮ ಊರಿನ ಸರ್ವರಿಗೆ ತಾವೇ ಎರಡನೆಯ ಹೆಬ್ಬಾಗಿಲನ್ನು ಕಟ್ಟಬಲ್ಲರು.